ಸೂಪರ್ ಮಗಾ, ಆಮೇಲೆ?

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕತೆಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಊರಿಗೆ ಹೊಸಬನಾದ ಡಂಕಣ ಅಂದನಂತೆ. ವಿಗ್ರಹದ ಮೈಗೆಲ್ಲ ಗಂಧ ಬಳಿದು ಕಾದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಉಳಿಯಿತು. ಅಲ್ಲಿ ಉಳಿ ಇಟ್ಟಾಗ ಮರಳು, ನೀರು, ಒಂದು ಕಪ್ಪೆ ಹೊರಬಂದವು. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ನಮಗೆ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು. ಜಕಣಾಚಾರಿ ಜನರ ಬಾಯಲ್ಲಿ ಬದುಕಿದವನು, 1964ರಲ್ಲಿ ಕನ್ನಡದ ಮೊದಲ ಪೂರ್ಣ ಬಣ್ಣದ ಚಿತ್ರಕ್ಕೆ ನಾಯಕನೂ ಆದವನು. ಕತೆ ನಡೆದಿರಲಿ ಬಿಡಲಿ, ನೋಡುಗನ ಮಾತನ್ನು ಹೇಗೆ ಪರೀಕ್ಷಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ. ಡಂಕಣ ‘ಚೆನ್ನಾಗಿಲ್ಲ’ ಅನ್ನಲಿಲ್ಲ, ಜಾಗ ತೋರಿಸಿದ. ಜಕಣಾಚಾರಿಯ ಶಿಷ್ಯರ ಗುಂಪಿನವನಾಗಿರಲಿಲ್ಲ, ಹಾಗಾಗಿ ದಾಕ್ಷಿಣ್ಯವಿರಲಿಲ್ಲ. ಮಾತಿಗೆ ಮಾತು ಬೆಳೆಸದೆ ಗಂಧ ಬಳಿದು ನೋಡಿದರು. ಒಂದೇ ಕೊರತೆಯೆಂದರೆ ಇದೆಲ್ಲ ಆದದ್ದು ವಿಗ್ರಹ ಪೂರ್ತಿ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಕಲ್ಲು ಬದಲಿಸುವಂತಿರಲಿಲ್ಲ.

ಈ ಪಾಠ ಹಿಡಿದುಕೊಂಡು ಕಾಲೇಜು ಹುಡುಗರ ಮ್ಯೂಸಿಕ್ ವಿಡಿಯೊಗಳಿಗೆ ಬರೋಣ. ಮಾದಿಹಳ್ಳಿ, ಹಳೇಬೀಡು, ಜಾವಗಲ್ ಸುತ್ತಮುತ್ತ ಈಗ ಇವುಗಳಿಗೆ ಬರವಿಲ್ಲ. ಒಬ್ಬ ಹಾಡು ಬರೆಯುತ್ತಾನೆ, ಒಬ್ಬಳು ಹಾಡುತ್ತಾಳೆ, ಯಾರದೋ ಅಣ್ಣನ ಫೋನು, ಬಾಡಿಗೆಗೆ ತಂದ ಗಿಂಬಲ್, ಎಡಿಟಿಂಗಿಗೆ ಕೈನ್‌ಮಾಸ್ಟರ್. ಪ್ರಾಜೆಕ್ಟ್ ಅಂತ ಮಾಡಿದರೆ ಕೊನೆಗೊಂದು ವರದಿ ಬರೆಯಬೇಕು, ಅದರಲ್ಲಿ ‘ಪ್ರೇಕ್ಷಕರ ಪ್ರತಿಕ್ರಿಯೆ’ ಅಂತ ಒಂದು ಭಾಗ ಇರಲೇಬೇಕು. ಇದು ನಮ್ಮಲ್ಲಿ ಮಾತ್ರ ಇರುವ ರಿವಾಜಲ್ಲ. ಇಂಗ್ಲೆಂಡಿನ ಓಸಿಆರ್ ಪರೀಕ್ಷಾ ಮಂಡಳಿ ತನ್ನ ಮೀಡಿಯಾ ಸ್ಟಡೀಸ್ ವಿದ್ಯಾರ್ಥಿಗಳಿಗೆ ಇದೇ ಪ್ರಶ್ನೆಯನ್ನು ವರ್ಷಗಟ್ಟಲೆ ಹಾಕಿತ್ತು: ಪ್ರೇಕ್ಷಕರ ಪ್ರತಿಕ್ರಿಯೆಯಿಂದ ನೀವು ಕಲಿತದ್ದೇನು? ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಮೌಲ್ಯಮಾಪನದ ಹಂತದಲ್ಲಿ ಕೇಳಿದ ಪ್ರಶ್ನೆಗೆ ಜಾಣ ಹುಡುಗರು ಜಾಣ ಉತ್ತರವನ್ನೇ ಬರೆಯುತ್ತಾರೆ. ವಿಡಿಯೊ ಬದಲಾಗಿರುವುದಿಲ್ಲ, ಬದಲಾಯಿತೆಂಬ ಒಕ್ಕಣೆ ಮಾತ್ರ ಇರುತ್ತದೆ.

ನಮ್ಮ ಹುಡುಗರು ಪ್ರತಿಕ್ರಿಯೆ ಪಡೆಯುವ ಬಗೆಯೂ ಹೆಚ್ಚು ಕಡಿಮೆ ಒಂದೇ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ವಿಡಿಯೊ, ಅದರ ಕೆಳಗೆ ಒಂದು ಗೂಗಲ್ ಫಾರ್ಮ್. ಹಾಡು ಇಷ್ಟವಾಯಿತೆ, ಛಾಯಾಗ್ರಹಣ ಹೇಗಿದೆ, 1ರಿಂದ 5ರೊಳಗೆ ಅಂಕ ಕೊಡಿ. ತುಂಬುವವರು ಅದೇ ಬೆಂಚಿನವರು. ನಾಳೆ ತಮ್ಮ ವಿಡಿಯೊಗೂ ಇವರೇ ಅಂಕ ಕೊಡಬೇಕಲ್ಲ, ಎಲ್ಲರೂ 5 ಒತ್ತುತ್ತಾರೆ. ಕೆಳಗೆ ‘ಸೂಪರ್ ಮಗಾ’, ಎರಡು ಬೆಂಕಿ ಚಿಹ್ನೆ. ಇದನ್ನು ಪೈ ಚಾರ್ಟ್ ಮಾಡಿ ವರದಿಗೆ ಅಂಟಿಸುವುದು. ಮುಯ್ಯಿಗೆ ಮುಯ್ಯಿ ಅನ್ನಬಹುದಾದ ಈ ವ್ಯವಹಾರಕ್ಕೆ ಪ್ರತಿಕ್ರಿಯೆ ಅನ್ನುವ ಹೆಸರು ದೊಡ್ಡದಾಯಿತು.

ನಾನು ಹತ್ತಿರದಿಂದ ನೋಡಿದ ಒಂದು ವಿಡಿಯೊದ ಸಂಗತಿ ಹೇಳುತ್ತೇನೆ. ಊರು ಬಿಟ್ಟು ಕೆಲಸಕ್ಕೆ ಹೊರಟ ಹುಡುಗನ ಹಾಡು, ಸುಮಾರು ನಾಲ್ಕು ನಿಮಿಷದ್ದು. ಬೆಳಗಿನ ಬಸ್ಸು ತಪ್ಪಿಹೋಗುತ್ತದೆಂದು ಅವನು ಬ್ಯಾಗು ಹೆಗಲಿಗೇರಿಸಿ ರಾಗಿ ಹೊಲದ ನಡುವೆ ಓಡುತ್ತಾನೆ. ಸ್ಲೋ ಮೋಷನ್. ತೆನೆ ಸೊಂಟದವರೆಗೆ, ಹಿಂದೆ ಎಳೆಬಿಸಿಲು, ಬೂಟಿನ ಸುತ್ತ ಇಬ್ಬನಿ ಹಾರುತ್ತದೆ. ಗ್ರೂಪಿನಲ್ಲಿ ಎಲ್ಲರೂ ಮೆಚ್ಚಿದ್ದು ಇದೇ ಶಾಟನ್ನು. ನೋಡಲು ಚಂದವಾಗಿಯೂ ಇತ್ತು, ಸುಳ್ಳು ಹೇಳಬಾರದು.

ಅದೇ ರಫ್ ಕಟ್ಟನ್ನು ತಂಡದ ಒಬ್ಬ ಹುಡುಗ ಸಂಜೆ ಡೈರಿ ಹತ್ತಿರ ಕ್ಯಾನು ಹಿಡಿದು ನಿಂತವರಿಗೆ ತೋರಿಸಿದ. ಹಾಲಿನ ಡಿಗ್ರಿ ನೋಡುವವರೆಗೆ ಸಾಲಿನಲ್ಲಿ ನಿಂತವರಿಗೂ ಬೇರೆ ಕೆಲಸವಿರಲಿಲ್ಲ. ಫೋನು ಕೈಯಿಂದ ಕೈಗೆ ಹೋಯಿತು. ಹಾಡು ಚೆನ್ನಾಗಿದೆ ಅಂದರು, ಯಾರ ಮಗ ಇವನು ಅಂತ ವಿಚಾರಿಸಿದರು. ಓಟದ ಶಾಟು ಬಂದಾಗ ಒಬ್ಬ ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಿತು. “ಇದೇನ್ ಮಗಾ, ತೆನೆ ಬಂದಿರೋ ರಾಗಿ ತುಳ್ಕಂಡು ಓಡ್ತಾನೆ? ಹೊಲ್ದೋರು ಏನೂ ಅನ್ಲಿಲ್ವಾ?” ಪಕ್ಕದವರು ನಕ್ಕರು. ಆಮೇಲೆ ಅವರೂ ಹೊಲವನ್ನೇ ನೋಡತೊಡಗಿದರು. ಯಾರ ಹೊಲ, ಯಾವ ತಳಿ, ಎಷ್ಟು ಸಾಲು ಹಾಳಾಯಿತು. ನಾಯಕನ ದುಃಖವನ್ನು ಕೇಳುವವರೇ ಇಲ್ಲ.

ಗೂಗಲ್ ಫಾರ್ಮಿನ ಎಷ್ಟು ಪ್ರಶ್ನೆ ಸೇರಿದರೂ ಆ ಅಜ್ಜಿಯ ಒಂದು ಮಾತಿನ ತೂಕ ಬರುವುದಿಲ್ಲ. ಅದು ಅಭಿಪ್ರಾಯವೇ ಅಲ್ಲ, ನೋಡುವಾಗ ಅವಳೊಳಗೆ ಏನಾಯಿತು ಅನ್ನುವುದರ ವರದಿ. ಊರು ಬಿಡಲು ಎದೆ ಒಡೆದುಕೊಳ್ಳುತ್ತಿರುವ ಹುಡುಗ ಊರಿನ ಅನ್ನವನ್ನೇ ತುಳಿದುಕೊಂಡು ಹೋದರೆ ನೋಡುವವರು ಅವನ ಪಕ್ಷ ವಹಿಸುವುದು ಹೇಗೆ? ಪೇಟೆಯ ಕಣ್ಣಿಗೆ ರಾಗಿ ಹೊಲ ಹಸಿರು ಹಿನ್ನೆಲೆ, ಡೈರಿ ಸಾಲಿಗೆ ಅದು ವರ್ಷದ ಮುದ್ದೆ. ವಿಚಿತ್ರವೆಂದರೆ ತಂಡದವರೂ ಒಕ್ಕಲು ಮಕ್ಕಳೇ. ಮನೆಯಲ್ಲಿದ್ದಾಗ ಬೆಳೆ ತುಳಿಯದ ಹುಡುಗರು ಕ್ಯಾಮೆರಾ ಹಿಡಿದೊಡನೆ ಎಲ್ಲೋ ನೋಡಿದ ಸಿನಿಮಾ ಹಾಡಿನ ಕಣ್ಣನ್ನು ಎರವಲು ತಂದಿದ್ದರು.

ತಂಡದಲ್ಲಿ ಎರಡು ಮತ ಹುಟ್ಟಿತು. ಅಜ್ಜಿ ನಮ್ಮ ಟಾರ್ಗೆಟ್ ಆಡಿಯೆನ್ಸ್ ಅಲ್ಲ, ಬಿಟ್ಟುಬಿಡೋಣ ಅಂದರು ಕೆಲವರು. ಇನ್ನು ಕೆಲವರು ಶಾಟನ್ನೇ ಕಿತ್ತು ಡ್ರೋನ್ ಹಾರಿಸೋಣ ಅಂದರು. ಎರಡೂ ಸೋಮಾರಿತನದ ದಾರಿಗಳು. ಕೊನೆಗೆ ಅವರು ಮಾಡಿದ್ದು ಇವೆರಡಕ್ಕಿಂತ ಮೇಲು: ಓಟವನ್ನು ಉಳಿಸಿಕೊಂಡು ಹುಡುಗನನ್ನು ಬದುವಿನ ಮೇಲೆ ಓಡಿಸಿದರು. ಬದು ಕಿರಿದು, ಇಬ್ಬನಿಗೆ ಜಾರುತ್ತದೆ, ಕಾಲು ತಪ್ಪಿದರೆ ಬೆಳೆಯ ಮೇಲೆ. ಹುಡುಗ ಬ್ಯಾಗು ಸರಿಪಡಿಸಿಕೊಳ್ಳುತ್ತ, ತೋಳು ಅಗಲಿಸಿ ತೂಕ ಹಿಡಿಯುತ್ತ ಓಡುತ್ತಾನೆ. ಮೊದಲಿನ ಶಾಟಿನಲ್ಲಿ ಸೊಗಸಿತ್ತು, ಇದರಲ್ಲಿ ಆತಂಕವಿದೆ, ಆ ಊರಿನವನೇ ಎಂಬ ಗುರುತೂ ಇದೆ. ಬದುವಿನ ಮೇಲೆ ಓಡಿಸಿ ಎಂದು ಅಜ್ಜಿ ಹೇಳಿರಲಿಲ್ಲ. ಅದನ್ನು ಕಂಡುಕೊಂಡದ್ದು ಹುಡುಗರು. ನೋಡುಗರ ಮಾತನ್ನು ಬಳಸುವುದೆಂದರೆ ಇಷ್ಟೇ ಎಂದು ನನ್ನ ಅನಿಸಿಕೆ. ಎಲ್ಲಿ ಕಸಿವಿಸಿಯಾಯಿತು ಎಂಬುದನ್ನು ಅವರಿಂದ ಕೇಳಿಕೊಳ್ಳಬೇಕು, ಅದಕ್ಕೇನು ಮಾಡಬೇಕೆಂಬುದನ್ನು ಅವರ ಮೇಲೆ ಹೊರಿಸಬಾರದು.

ಇದರ ಉಲ್ಟಾ ಉದಾಹರಣೆಯೂ ಅದೇ ತಂಡದಲ್ಲಿದೆ. “ಹಳೇಬೀಡು ತೋರಿಸ್ಬೇಕಿತ್ತು” ಎಂದು ಬಹಳ ಜನ ಬರೆದಿದ್ದರು. ಈ ಕಡೆಯ ಯಾವ ವಿಡಿಯೊಗೂ ಈ ಸಲಹೆ ತಪ್ಪಿದ್ದಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಹೇಳುವುದೇ ಬೇಡ. ಸಂರಕ್ಷಿತ ಸ್ಮಾರಕದೊಳಗೆ ಸಿನಿಮಾ ಚಿತ್ರೀಕರಣಕ್ಕೆ 1959ರ ನಿಯಮಗಳ ಪ್ರಕಾರ ಪುರಾತತ್ವ ಇಲಾಖೆಯ ಪರವಾನಗಿ ಬೇಕು, ಡ್ರೋನಿನ ಮಾತಂತೂ ದೂರವೇ. ಹಾಗಾಗಿ ಹುಡುಗರು ದ್ವಾರಸಮುದ್ರ ಕೆರೆ ಏರಿಯಿಂದಲೂ ಪುಷ್ಪಗಿರಿಯ ಮೇಲಿಂದಲೂ ಒಂದಷ್ಟು ನೋಟಗಳನ್ನು ಹಿಡಿದು ಎರಡನೇ ಚರಣಕ್ಕೆ ತುರುಕಿದರು. ಹಾಡು ಅಲ್ಲಿಗೆ ಪ್ರವಾಸೋದ್ಯಮ ಇಲಾಖೆಯ ಜಾಹೀರಾತಾಯಿತು. ಬಸ್ಸಿಗೆ ಓಡುತ್ತಿದ್ದವನು ಬೆಟ್ಟದ ಮೇಲೆ ಹೇಗೆ ಬಂದ? ಸಲಹೆಯ ಹಿಂದಿದ್ದ ಕೊರತೆ ನಿಜವಾದದ್ದು: ಇದು ಯಾವ ಊರಿನ ಕತೆ ಅನ್ನುವುದು ವಿಡಿಯೊದಲ್ಲಿ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಗುಡಿ ಬೇಕಿರಲಿಲ್ಲ. ಬಸ್ಸಿನ ಬೋರ್ಡು, ಮಾದಿಹಳ್ಳಿಯ ಒಂದು ಅಂಗಡಿಯ ಬಾಗಿಲು, ಅವ್ವ ಬುತ್ತಿ ಕಟ್ಟುವ ಕೈ ಸಾಕಿತ್ತು.

ದೊಡ್ಡವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ರಿಡ್ಲಿ ಸ್ಕಾಟನ ‘ಬ್ಲೇಡ್ ರನ್ನರ್’ ಚಿತ್ರವನ್ನು 1982ರಲ್ಲಿ ಬಿಡುಗಡೆಗೆ ಮುಂಚೆ ಡೆನ್ವರ್ ಮತ್ತು ಡಲ್ಲಾಸಿನಲ್ಲಿ ಜನರಿಗೆ ತೋರಿಸಿದಾಗ ಗೊಂದಲವಾಗುತ್ತದೆ ಎಂಬ ದೂರು ಬಂತು. ನಿರ್ಮಾಪಕರು ನಾಯಕನ ಹಿನ್ನೆಲೆ ದನಿ ಸೇರಿಸಿದರು, ಕೊನೆಯನ್ನೂ ಸುಖಾಂತ ಮಾಡಿದರು. ಹತ್ತು ವರ್ಷದ ಮೇಲೆ ಬಂದ ಡೈರೆಕ್ಟರ್ಸ್ ಕಟ್‌ನಲ್ಲಿ ಎರಡನ್ನೂ ಕಿತ್ತು ಹಾಕಿದ್ದರು. ಇವತ್ತು ಆ ಚಿತ್ರವನ್ನು ಹೊಗಳುವವರು ಹಿನ್ನೆಲೆ ದನಿಯಿಲ್ಲದ ಆವೃತ್ತಿಗಳನ್ನೇ ಹೊಗಳುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಬೇಸರ ಕಾಣಿಸುವ ಜಾಗ ಒಂದು, ಹುಟ್ಟುವ ಜಾಗ ಮತ್ತೊಂದು. ಯೂಟ್ಯೂಬ್ ಈಗ ಯಾವ ಸೆಕೆಂಡಿಗೆ ಎಷ್ಟು ಜನ ಉಳಿದರು ಎಂದು ಗೆರೆ ಎಳೆದು ತೋರಿಸುತ್ತದೆ. ಗೆರೆ ಬಿದ್ದ ಜಾಗವನ್ನು ಕತ್ತರಿಸುವುದು ಎಲ್ಲರ ಮೊದಲ ಯೋಚನೆ. ಈ ವಿಡಿಯೊದಲ್ಲಿ ಪಲ್ಲವಿ ಮುಗಿದು ಕೊಳಲಿನ ಬಿಜಿಎಂ ಬರುವಲ್ಲಿ ನೋಡುಗರ ಬೆರಳು ಮುಂದಕ್ಕೆ ಎಳೆಯುತ್ತಿತ್ತು. ಕೊಳಲನ್ನು ಅರ್ಧಕ್ಕೆ ಇಳಿಸಿದರೂ ಬೆರಳು ನಿಲ್ಲಲಿಲ್ಲ. ಎಳೆಬಿಸಿಲು, ಕೆರೆ, ಬಸ್ಸು, ಅವ್ವನ ಮುಖ ಎಲ್ಲವನ್ನೂ ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ತೋರಿಸಿ ಮುಗಿಸಿದ್ದರು, ರೀಲ್ಸ್ ನೋಡಿ ಕಲಿತ ಅಭ್ಯಾಸ. ಕೊಳಲು ಬರುವ ಹೊತ್ತಿಗೆ ಹೊಸದಾಗಿ ನೋಡಲು ಏನೂ ಇರಲಿಲ್ಲ. ಅವ್ವನ ಮುಖವನ್ನು ಅಲ್ಲಿಯವರೆಗೆ ಬಚ್ಚಿಟ್ಟಿದ್ದರೆ ಕೊಳಲಿಗೆ ಒಂದು ಕೆಲಸ ಸಿಗುತ್ತಿತ್ತು. ಗೆರೆ ಇದನ್ನು ಹೇಳುವುದಿಲ್ಲ. ನೂರಿನ್ನೂರು ಜನ ನೋಡಿದ ವಿಡಿಯೊದಲ್ಲಂತೂ ಆ ಗೆರೆಯನ್ನು ನಂಬಿ ಕತ್ತರಿ ಎತ್ತುವುದು ದುಡುಕು.

ಪ್ರೇಕ್ಷಕರ ಮಾತಿಗೆ ಕಲೆ ಬಾಗುವುದನ್ನು ಯಾರೋ ಹೊರಗಿನವರು ನಮಗೆ ಕಲಿಸಬೇಕಿಲ್ಲ. ಹಾಸನ, ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ, ರಾತ್ರಿ ಮೂರು ಗಂಟೆಯಲ್ಲೂ ‘ಒನ್ಸ್ ಮೋರ್’ ಬೀಳುತ್ತದೆ. ಸತ್ತು ಮಲಗಿದ ಅಭಿಮನ್ಯು ಎದ್ದು ಕೂತು ಅದೇ ಕಂದವನ್ನು ಇನ್ನೊಮ್ಮೆ ಹಾಡಿ ಮತ್ತೆ ಸಾಯುವುದು ಈ ಸೀಮೆಯ ಹಳೇ ತಮಾಷೆ. ಒನ್ಸ್ ಮೋರ್ ನಾಟಕವನ್ನು ತಿದ್ದುವುದಿಲ್ಲ, ನಟನನ್ನು ಉಬ್ಬಿಸುತ್ತದೆ. ಲೈಕು ಅದರ ಮೊಮ್ಮಗ. ತಿದ್ದುವ ಕೆಲಸ ನಡೆಯುವುದು ಅದಕ್ಕೂ ಮೊದಲೇ, ತಾಲೀಮಿನ ಹೊತ್ತಿನಲ್ಲಿ. ಹಾರ್ಮೋನಿಯಂ ಮೇಷ್ಟ್ರು ಮಾತು ಹೇಳಿಕೊಡುವಾಗ ಜಗುಲಿ ಮೇಲೆ ಕೂತ ಹಳೇ ಪಾತ್ರಧಾರಿಗಳು, ಬೀಡಿ ಸೇದುವ ಮುದುಕರು, ಶಾಲೆ ಮಕ್ಕಳು ಎಲ್ಲ ಇರುತ್ತಾರೆ. “ಏನಪ್ಪ ದುರ್ಯೋಧನ, ಮಾತು ಆ ಮೂಲೆಗೆ ಕೇಳ್ತಿಲ್ಲ” ಎಂದು ಯಾರಾದರೂ ಅನ್ನುತ್ತಾರೆ. ವೇಷ ಕಟ್ಟುವ ಮೊದಲೇ ಅಂದದ್ದಕ್ಕೆ ಆ ಮಾತು ನಟನ ಕೈಗೆಟುಕುತ್ತದೆ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮಾತು ಮರುದಿನ ಬೆಳಿಗ್ಗೆ. ಆ ಒಂದು ರಾತ್ರಿಯ ಬಿಡುವಿನಲ್ಲಿ ಚಪ್ಪಾಳೆಯ ಕಾವು ಇಳಿದಿರುತ್ತದೆ. ವಿಡಿಯೊ ಮುಗಿದ ಕೂಡಲೇ ಫಾರ್ಮ್ ತುಂಬಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಮಾರನೇ ದಿನ ಅದೇ ಜನರನ್ನು ಕೇಳಿ, ನಿನ್ನೆ ನೋಡಿದ್ದರಲ್ಲಿ ಏನು ನೆನಪಿದೆ ಅಂತ. ನೆನಪಿಲ್ಲದ್ದೂ ಒಂದು ಉತ್ತರವೇ.

ಪವನ್ ಕುಮಾರ್ ಅವರ ‘ಲೂಸಿಯಾ’ (2013) ಪ್ರೇಕ್ಷಕರ ದುಡ್ಡಿನಲ್ಲೇ ತಯಾರಾದ ಚಿತ್ರ. ದುಡ್ಡು ಕೊಟ್ಟವರಿಗೆ ಮಾತಾಡುವ ಹಕ್ಕು ಇನ್ನೂ ಹೆಚ್ಚು. ಆದರೂ ಕನಸು ಯಾವುದು ಎಚ್ಚರ ಯಾವುದು ಎಂದು ಕೊನೆಯವರೆಗೆ ತಲೆ ಕೆಡಿಸುವ ಆ ಕತೆ ಯಾರ ರೂಢಿಗೂ ಬಗ್ಗಲಿಲ್ಲ. ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಅದಕ್ಕೆ ಸಿಕ್ಕಿದ್ದು ಪ್ರೇಕ್ಷಕರೇ ಆರಿಸಿ ಕೊಡುವ ಪ್ರಶಸ್ತಿ. ಜನರನ್ನು ಜೊತೆಗೆ ಕರೆದುಕೊಂಡೂ ಚುಕ್ಕಾಣಿಯನ್ನು ಕೈಯಲ್ಲೇ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಕನ್ನಡದಲ್ಲೇ ಪುರಾವೆ ಇದೆ.

ವಿದ್ಯಾರ್ಥಿಗಳ ಬಗ್ಗೆ ನನ್ನ ತಕರಾರು ಇಷ್ಟೇ: ತೋರಿಸುವುದು ತಡ, ತೋರಿಸುವ ಜನ ಹತ್ತಿರದವರು. ಶೂಟಿಂಗಿಗೆ ಮೊದಲೇ ಫೋನಿನಲ್ಲಿ ತೆಗೆದ ಫೋಟೊಗಳನ್ನು ಹಾಡಿನ ಮೇಲೆ ಸಾಲಾಗಿ ಜೋಡಿಸಿದರೆ ಒಂದು ಕಚ್ಚಾ ರೂಪ ಸಿದ್ಧವಾಗುತ್ತದೆ. ಒಂದು ಸಂಜೆಯ ಕೆಲಸ. ಅದನ್ನು ಡೈರಿ ಹತ್ತಿರ ತೋರಿಸಿದ್ದರೆ ರಾಗಿ ತುಳಿಯುವ ಪ್ರಮೇಯವೇ ಬರುತ್ತಿರಲಿಲ್ಲ, ಹೊಲದ ಯಜಮಾನರ ಬೈಗುಳವೂ ತಪ್ಪುತ್ತಿತ್ತು. ತೋರಿಸುವಾಗ ‘ಇಲ್ಲಿ ನಾವು ಏನು ಮಾಡಿದೀವಿ ಅಂದ್ರೆ’ ಎಂದು ಪಕ್ಕದಲ್ಲಿ ನಿಂತು ಅರ್ಥ ಹೇಳಬಾರದು. ಸುಮ್ಮನೆ ಮುಖ ನೋಡುತ್ತಿದ್ದರೆ ಆಯಿತು.

ಹಾಗೆಂದು ಎಲ್ಲವನ್ನೂ ನೋಡುಗರೇ ಹಿಡಿದುಕೊಡುತ್ತಾರೆ ಎಂದಲ್ಲ. ಬದುವಿನ ಓಟದಲ್ಲಿ ಹುಡುಗನ ತುಟಿ ಹಾಡಿಗೆ ಕೂಡುವುದಿಲ್ಲ. 50 ಫ್ರೇಮಿನಲ್ಲಿ ಹಿಡಿದು 25ರಲ್ಲಿ ಓಡಿಸುವ ಶಾಟಿಗೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ ತುಟಿ ಆಡಿಸಬೇಕು, ಇವರು ಮಾಮೂಲಿ ವೇಗದಲ್ಲೇ ಹಾಕಿದ್ದಾರೆ. ಗ್ರೂಪಿನವರು ಇಬ್ಬನಿ ನೋಡಿದರು, ಡೈರಿಯವರು ಬದು ನೋಡಿದರು, ತುಟಿ ಯಾರ ಕಣ್ಣಿಗೂ ಬೀಳಲಿಲ್ಲ. ಆ ಹೊಲದಲ್ಲಿ ಈಗ ಕೂಳೆ ಮಾತ್ರ ಉಳಿದಿದೆ, ಮತ್ತೆ ಚಿತ್ರಿಸುವಂತಿಲ್ಲ. ಮುಖ ಕಾಣುವ ತುಣುಕುಗಳ ಮೇಲೆ ಬಸ್ಸಿನ ಕಿಟಕಿಯ ಶಾಟು ಹಾಕಿ, ಕಾಲು ಮತ್ತು ಬದು ಕಾಣುವ ಭಾಗವನ್ನಷ್ಟೇ ಇಟ್ಟುಕೊಂಡರೆ ಓಟ ಮುಕ್ಕಾಲುಪಾಲು ಉಳಿಯುತ್ತದೆ. ಪುಷ್ಪಗಿರಿಯನ್ನು ತೆಗೆದರೆ ಅದಕ್ಕೆ ಬೇಕಾದ ಜಾಗವೂ ಸಿಗುತ್ತದೆ.