ಕತ್ತಿ ಎತ್ತದೆ ಗೆದ್ದ ಕಾಳಗ

ಜಪಾನಿನ ಸ್ಕ್ವೇರ್ ಕಂಪನಿ 1991ರಲ್ಲಿ ಸೂಪರ್ ಫ್ಯಾಮಿಕಾಮ್ ಗೇಮ್ ಯಂತ್ರಕ್ಕೆ ತಂದ ‘ಫೈನಲ್ ಫ್ಯಾಂಟಸಿ 4’ರ ನಾಯಕ ಸೆಸಿಲ್ ಕರಾಳ ಯೋಧ, ಬ್ಯಾರನ್ ರಾಜನ ನಂಬಿಕೆಯ ಬಂಟ. ಅವನ ಧರ್ಮಸಂಕಟವನ್ನು ಮಾತಿಗಿಂತ ಹೆಚ್ಚಾಗಿ ಆಟದ ನಿಯಮಗಳಲ್ಲೇ ನೇಯ್ದಿರುವ ಕುಶಲತೆಗೆ ನಾನು ಮಾರುಹೋಗಿದ್ದೇನೆ.

ಮೊದಲ ದೃಶ್ಯದಲ್ಲೇ ಸೆಸಿಲ್‌ನ ವಾಯುನೌಕೆಗಳು ಬ್ಯಾರನ್‌ಗೆ ಮರಳುತ್ತವೆ. ನೊಬುವೊ ಉಯೆಮಾತ್ಸು ಅವರ ಸಂಗೀತದಲ್ಲಿ ದಂಡಿನ ಗತ್ತು. ನೌಕೆಯೊಳಗೆ ಅಮಾಯಕರಿಂದ ಸ್ಫಟಿಕ ದೋಚಿ ತಂದ ಅಳುಕು. ಪ್ರಶ್ನಿಸಿದ ಸೆಸಿಲ್‌ನ ಪದವಿಯನ್ನು ರಾಜ ಕಿತ್ತುಕೊಳ್ಳುತ್ತಾನೆ. ಆದರೂ ಆತ ಆಜ್ಞೆ ಮೀರದೆ ಉಂಗುರವೊಂದನ್ನು ಮಿಸ್ಟ್ ಹಳ್ಳಿಗೆ ಒಯ್ಯುತ್ತಾನೆ. ಅದರಿಂದ ಹೊರಬಿದ್ದ ಬೆಂಕಿಯ ಜೀವಿಗಳು ಊರನ್ನೇ ಸುಡುತ್ತವೆ.

ಕರಾಳ ಯೋಧನ ವಿಶೇಷ ಅಸ್ತ್ರ ಶತ್ರುಗಳೆಲ್ಲರನ್ನೂ ಒಮ್ಮೆಗೇ ಹೊಡೆಯುತ್ತದೆ. ಬೆಲೆ ಮಾತ್ರ ಅವನದೇ ಪ್ರಾಣಶಕ್ತಿ. ಪಾಪದ ಲೆಕ್ಕವನ್ನು ಆಟಗಾರ ಅಂಕಿಗಳಲ್ಲೇ ಕಾಣುತ್ತಾನೆ! ಮುಂದೆ ಬೆಟ್ಟದ ತುದಿಯಲ್ಲಿ ಅವನ ಕರಾಳ ರೂಪವೇ ಎದುರು ನಿಲ್ಲುತ್ತದೆ. ಅಲ್ಲಿಯವರೆಗೆ ಹೊಡೆಯುವುದನ್ನೇ ಕಲಿತ ಬೆರಳು ಇಲ್ಲಿ ಸುಮ್ಮನಿರಬೇಕು. ಏಟು ತಾಳಿಕೊಂಡವನಿಗೇ ಜಯ.

ಆ ಜಯದಿಂದ ಪ್ಯಾಲಡಿನ್ ಎಂಬ ಧರ್ಮಯೋಧನಾದ ಸೆಸಿಲ್ ಮತ್ತೆ 1ನೇ ಹಂತದಿಂದ ಶುರುಮಾಡುತ್ತಾನೆ. ಈಗ ಸೋತು ಬೀಳಲಿರುವ ಗೆಳೆಯರ ಮೇಲೆ ಬೀಸಿದ ಏಟಿಗೆ, ನಾವು ಹೇಳದೆಯೇ, ತಾನೇ ಅಡ್ಡ ನಿಲ್ಲುತ್ತಾನೆ. ಒಬ್ಬ ಮನುಷ್ಯನ ನಿಷ್ಠೆ ಸಿಂಹಾಸನದಿಂದ ಜೊತೆಗಾರರ ಕಡೆಗೆ ಹೊರಳಿದ್ದನ್ನು ಒಂದೇ ಒಂದು ನಿಯಮದಲ್ಲಿ ಹೇಳಿದ ವಿನ್ಯಾಸಕ ತಕಾಶಿ ತೊಕಿತಾ ಮತ್ತು ಸಂಗಡಿಗರ ಕಸುಬಿಗೆ ಶಹಬ್ಬಾಸ್ ಅನ್ನಲೇಬೇಕು.