ಸಾರಾಳ ಕಲ್ಲು ಮತ್ತು ‘ಅತ್ಯಂತ ಹಳೆಯದು’ ಎಂಬ ಹಣೆಪಟ್ಟಿ

ಕೇರಳದ ಎರ್ನಾಕುಲಂ ಜಿಲ್ಲೆಯ ಚೇಂದಮಂಗಲಂ ಒಂದು ಸಣ್ಣ ಊರು. ಯಹೂದಿಗಳ ಪ್ರಾರ್ಥನಾಮಂದಿರವಾಗಿದ್ದ ಅಲ್ಲಿನ ಸಿನಗಾಗ್ ಈಗ ಮ್ಯೂಸಿಯಂ. ಅದರೆದುರು ಒಂದು ಸಮಾಧಿಶಿಲೆ ನಿಂತಿದೆ. ಹೆಸರು ಸಾರಾ ಬತ್ ಇಸ್ರಾಯೇಲ್, ಕಾಲ ಕ್ರಿ.ಶ. 1269. ‘ಬತ್’ ಅಂದ್ರೆ ಮಗಳು. ಇಸ್ರಾಯೇಲ್ ಇಲ್ಲಿ ದೇಶವಲ್ಲ, ಅವಳ ಅಪ್ಪನ ಹೆಸರು. ಈ ಕಲ್ಲಿನ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು: ಭಾರತದ ಅತ್ಯಂತ ಹಳೆಯ ಹೀಬ್ರೂ ಬರಹ. ನನ್ನ ತಕರಾರು ಈ ಹಣೆಪಟ್ಟಿಯ ಮೇಲೆ.

‘ಬರಹ’ ಅಂದಾಗ ಲೆಕ್ಕಕ್ಕೆ ಹಿಡಿಯೋದು ಲಿಪಿಯನ್ನೋ ಭಾಷೆಯನ್ನೋ? ಲಿಪಿ ಅಂತಾದರೆ ಮಾತು ನಿಲ್ಲೋದಿಲ್ಲ. ಕ್ರಿ.ಶ. 849ರ ಕೊಲ್ಲಂನ ತರಿಸಾಪಳ್ಳಿ ತಾಮ್ರಪಟವನ್ನೇ ನೋಡಿ. ವೇಣಾಡಿನ ಅಯ್ಯನ್ ಅಡಿಗಳ್ ಒಂದು ಕ್ರೈಸ್ತ ಪಳ್ಳಿಗೆ ಕೊಟ್ಟ ದತ್ತಿ ಅದು. ಸಾಕ್ಷಿಗಳಲ್ಲಿ ಕೆಲವರು ಕೂಫಿ ಅರಬ್ಬಿಯಲ್ಲಿ, ಕೆಲವರು ಪಹ್ಲವಿಯಲ್ಲಿ ಸಹಿ ಹಾಕಿದ್ದಾರೆ. ನಾಲ್ವರು ಹೀಬ್ರೂ ಅಕ್ಷರಗಳಲ್ಲೇ ಸಹಿ ಮಾಡಿದ್ದಾರೆ, ಆದರೆ ಭಾಷೆ ಪರ್ಷಿಯನ್. ಅಂದರೆ ಸಾರಾಳಿಗಿಂತ ನಾನೂರು ವರ್ಷ ಹಿಂದೆಯೇ ಈ ಲಿಪಿ ಕೇರಳದ ತಾಮ್ರದ ಮೇಲಿತ್ತು. ಕಾಗದವನ್ನೂ ಸೇರಿಸಿಕೊಂಡರೆ ನಮ್ಮ ಮಂಗಳೂರೂ ಸಾಲಿಗೆ ಬರುತ್ತೆ. ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ 1132ರಲ್ಲಿ ಅಲ್ಲೇ ಬರೆದದ್ದು.

ಭಾಷೆ ಅಂತಾದರೆ ಸರಿ, ಒಪ್ಪೋಣ. ಕನ್ನಡ ಲಿಪಿಯಲ್ಲಿ ಕೊರೆದ ಸಂಸ್ಕೃತ ಶಾಸನವನ್ನು ನಾವೂ ಕನ್ನಡ ಶಾಸನ ಅಂತ ಎಣಿಸೋದಿಲ್ಲವಲ್ಲ. ಆದರೆ ಹಾಗಂತ ಬಿಡಿಸಿ ಬರೆಯಬೇಕು. ಬರೆಯದೇ ಹೋದರೆ ಓದುಗ 1269ರಿಂದಲೇ ಕಥೆ ಶುರು ಅಂದುಕೊಳ್ತಾನೆ.

ಇದಕ್ಕಿಂತ ದೊಡ್ಡ ತೊಂದರೆ ಸ್ಥಳದ್ದು. ಈ ಕಲ್ಲು ಕೊಡುಂಗಲ್ಲೂರಿನಿಂದ ತಂದದ್ದು ಎಂಬ ಹೇಳಿಕೆ ಇದೆ. ಹೇಳಿಕೆ ಏನೇ ಇರಲಿ, ಸಿನಗಾಗ್ ಎದುರು ನಿಲ್ಲಿಸಿದ ಕಲ್ಲಿನ ಕೆಳಗೆ ಸಾರಾ ಮಲಗಿಲ್ಲ. ಗುಡಿಯ ಗೋಡೆಗೆ ಒರಗಿಸಿಟ್ಟ ನಿಸಿಧಿಗಲ್ಲುಗಳನ್ನು ಕಂಡವರಿಗೆ ಇದು ಹೊಸದಲ್ಲ. ಅಂಥ ಕಲ್ಲು ವ್ಯಕ್ತಿಗೆ ಸಾಕ್ಷಿ, ಕಾಲಕ್ಕೆ ಸಾಕ್ಷಿ, ಊರಿಗೆ ಮಾತ್ರ ಸಾಕ್ಷಿಯಲ್ಲ. ಅದನ್ನೇ ಹಿಡಿದು ಚೇಂದಮಂಗಲದಲ್ಲಿ 1269ಕ್ಕೇ ಯಹೂದಿ ನೆಲೆ ಇತ್ತು ಅನ್ನೋದು ಅವಸರದ ತೀರ್ಮಾನ.

ಇಲ್ಲಿ ಸ್ಮಶಾನ ಬಿಟ್ಟು ಬಂದ ಕಲ್ಲಿದ್ದರೆ, ತ್ರಿಶೂರು ಜಿಲ್ಲೆಯ ಮಾಳದಲ್ಲಿ ಇದರ ತಿರುವುಮುರುವು. ಅಲ್ಲಿರೋದು ಕಲ್ಲಿಲ್ಲದ ಸ್ಮಶಾನ. 1955ರಲ್ಲಿ ಇಸ್ರೇಲಿಗೆ ಹೊರಟ ಯಹೂದಿಗಳು ಸಿನಗಾಗನ್ನೂ ಸುಮಾರು ನಾಲ್ಕು ಎಕರೆ ಸ್ಮಶಾನವನ್ನೂ ಪಂಚಾಯಿತಿಗೆ ಒಪ್ಪಿಸಿದರು, ಕಾಪಾಡಬೇಕು ಅಂತ ಕರಾರು ಬರೆಸಿಕೊಂಡೇ. ಈಗ ಕಣ್ಣಿಗೆ ಬೀಳುವ ಗೋರಿಗಳು ಮೂರು. ಅದೇ ನೆಲದಲ್ಲಿ ಕ್ರೀಡಾಂಗಣದ ಕೆಲಸ ನಡೆದು ದೊಡ್ಡ ಜಗಳವೇ ಆಯಿತು. ‘ಮೂರೇ ಗೋರಿ ತಾನೆ’ ಅನ್ನುವ ವಾದ ನನಗಂತೂ ಅಸಹ್ಯ. ಯಹೂದಿ ಧರ್ಮದಲ್ಲಿ ಹೂಳಿದ ದೇಹವನ್ನು ಕದಲಿಸುವಂತಿಲ್ಲ. ಮೇಲೆ ಕಲ್ಲಿರಲಿ ಬಿಡಲಿ, ನೆಲ ಸತ್ತವರದ್ದೇ. ನಮ್ಮ ಶಾಸನಪ್ರೇಮಿಗಳೂ ಇದರಲ್ಲಿ ಪಾಲುದಾರರು. ಅಕ್ಷರವಿದ್ದರೆ ಮಾತ್ರ ನೋಡೋಕೆ ಹೋಗ್ತೀವಿ. ಅಕ್ಷರವಿಲ್ಲದ ಸ್ಮಶಾನದ ನಕ್ಷೆ ಬರೆಯುವ ತಾಳ್ಮೆ ಯಾರಿಗಿದೆ?

ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಪಾಠಕ್ಕಿಂತ ಮೊದಲು ಕಲ್ಲು ಎಲ್ಲಿ ನಿಂತಿದೆ ಅಂತ ಒಂದು ಸಾಲು ಬರುತ್ತೆ, ಇಂಥ ಗುಡಿಯ ಮುಂದೆ, ಇಂಥ ಹೊಲದಲ್ಲಿ ಅಂತ. ಸಾರಾಳ ಕಲ್ಲಿಗೆ ನಾನು ಬರೆಯೋದಾದರೆ ಹೀಗೆ: ಚೇಂದಮಂಗಲಂ, ಸಿನಗಾಗ್ ಎದುರು ನಿಲ್ಲಿಸಿದ ಸಮಾಧಿಶಿಲೆ. ಹೀಬ್ರೂ ಲಿಪಿ, ಹೀಬ್ರೂ ಭಾಷೆ. ಕ್ರಿ.ಶ. 1269. ಇಸ್ರಾಯೇಲನ ಮಗಳು ಸಾರಾಳದ್ದು. ಮೂಲಸ್ಥಾನದಲ್ಲಿಲ್ಲ.