ಮಾತು ಎಲ್ಲರದು, ಕೆಲಸ ಯಾರದು?

2004ರ ಏಪ್ರಿಲ್ 1ರಂದು ಜಿಮೇಲ್ ಹೊರಬಂದಾಗ ಎಲ್ಲರ ಬಾಯಲ್ಲೂ ಒಂದೇ ಸುದ್ದಿ: ಪುಕ್ಕಟೆಯಾಗಿ ಒಂದು ಗಿಗಾಬೈಟ್ ಜಾಗ. ಹಾಟ್‌ಮೇಲ್ ಆಗ ಎರಡು ಮೆಗಾಬೈಟ್ ಕೊಡುತ್ತಿತ್ತು. ಅದು ತುಂಬಿದಾಗಲೆಲ್ಲ ಹಳೆಯ ಮೇಲ್‌ಗಳನ್ನು ಅಳಿಸುತ್ತ ಕೂರಬೇಕಿತ್ತು. ಜಾಗದ ಸುದ್ದಿ ಬೇಗ ಹಳತಾಯಿತು. ಜಿಮೇಲ್ ರೂಪಿಸಿದ ಪಾಲ್ ಬುಕೈಟ್ ಮತ್ತು ಅವರ ಸಂಗಡಿಗರು ತೆಗೆದುಕೊಂಡ ಇನ್ನೊಂದು ತೀರ್ಮಾನ ಮಾತ್ರ ಇಂದಿಗೂ ಕೋಟ್ಯಂತರ ಜನರ ಕಚೇರಿಯ ದಿನವನ್ನು ರೂಪಿಸುತ್ತಿದೆ. ಒಂದು ವಿಷಯದ ಸುತ್ತ ಹೋಗಿಬಂದ ಮೇಲ್‌ಗಳನ್ನೆಲ್ಲ ಒಟ್ಟುಗೂಡಿಸಿ, ಅದಿಷ್ಟೂ ಒಂದೇ ಮಾತುಕತೆ ಎಂದು ಅವರು ಎಣಿಸಿದರು. ಇನ್‌ಬಾಕ್ಸಿನ ಒಂದೊಂದು ಸಾಲೂ ಒಂದೊಂದು ಮಾತುಕತೆಯಾಯಿತು. ಈ ತೀರ್ಮಾನ ಓದುವವರಿಗೆ ದೊಡ್ಡ ಉಪಕಾರ ಮಾಡಿತು. ಓದಿದ ಮೇಲೆ ಎದ್ದು ಕೆಲಸ ಮಾಡಬೇಕಾದವರನ್ನು ಕೈಬಿಟ್ಟಿತು. ಆಮೇಲಿನ ಎರಡು ದಶಕಗಳಲ್ಲಿ ಗೂಗಲ್ ತಂದು ಸೇರಿಸಿದ ಯಾವ ಸಲಕರಣೆಯೂ ಆ ಕೊರತೆಯನ್ನು ತುಂಬಿಲ್ಲ ಎನ್ನುವುದು ನನ್ನ ತಕರಾರು.

ಮೊದಲು ಉಪಕಾರದ ಮಾತು. ಒಂದು ಮೇಲ್‌ಗೆ ಉತ್ತರ ಬರೆದಾಗ, ಅದು ಯಾವ ಮೇಲ್‌ಗೆ ಉತ್ತರ ಎಂಬ ಗುರುತು ಕಾಣದ ತಲೆಬರಹದಲ್ಲಿ ಸೇರಿಕೊಂಡು ಹೋಗುತ್ತದೆ. 1982ರಲ್ಲಿ ಬಂದ ಇಮೇಲ್ ಮಾನದಂಡ ಆರ್‌ಎಫ್‌ಸಿ 822ರಲ್ಲೇ ಇದಕ್ಕೆ ಜಾಗವಿತ್ತು. ಥಂಡರ್‌ಬರ್ಡ್‌ನಂಥ ತಂತ್ರಾಂಶಗಳು ಈ ಗುರುತನ್ನು ಹಿಡಿದು, ಯಾವ ಉತ್ತರ ಯಾವುದರ ಕೆಳಗೆ ಎಂದು ಕವಲು ಕವಲಾಗಿ ತೋರಿಸುತ್ತವೆ. ಜಿಮೇಲ್ ಕವಲನ್ನು ಬಿಟ್ಟಿತು. ಎಲ್ಲವನ್ನೂ ಬಂದ ಹೊತ್ತಿನ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಿತು, ಮತ್ತೆ ಮತ್ತೆ ಅಂಟಿಕೊಂಡು ಬರುವ ಹಳೆಯ ಪಠ್ಯವನ್ನು ಮೂರು ಚುಕ್ಕಿಗಳ ಹಿಂದೆ ಮಡಚಿಟ್ಟಿತು. ಇಬ್ಬರು ಮೂವರು ಮಾತಾಡುತ್ತಿದ್ದರೆ ಇದಕ್ಕಿಂತ ಹಿತವಾದ ಏರ್ಪಾಡು ಇನ್ನೊಂದಿಲ್ಲ. ವಾರದ ಹಿಂದೆ ಯಾರು ಏನು ಹೇಳಿದ್ದರೆಂದು ಹುಡುಕುವ ಗೋಜು ಹೋಯಿತು. ಒಗ್ಗದವರೂ ಇದ್ದರು, ಅವರ ಒತ್ತಾಯಕ್ಕೆ ಮಣಿದು 2010ರಲ್ಲಿ ಈ ಜೋಡಣೆಯನ್ನು ತೆಗೆದುಹಾಕುವ ಆಯ್ಕೆಯನ್ನೂ ಕೊಡಬೇಕಾಯಿತು. ಆದರೆ ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ.

ಜನ ಹೆಚ್ಚಾದಾಗ ತೊಡಕು ಶುರು. ಹೊರದೇಶದ ಒಂದು ಕನ್ನಡ ಕೂಟ ಯುಗಾದಿ ಕಾರ್ಯಕ್ರಮಕ್ಕೆ ಸಿದ್ಧವಾಗುತ್ತಿದೆ ಎಂದುಕೊಳ್ಳಿ. ಸಮಿತಿಯಲ್ಲಿ ಒಂಬತ್ತು ಜನ, ವಿಷಯದ ಸಾಲಿನಲ್ಲಿ ಬರೀ ‘ಯುಗಾದಿ’. ಸಭಾಂಗಣದ ಬಾಡಿಗೆ, ಹೋಳಿಗೆ, ಮೈಕು, ಮಕ್ಕಳ ಕೋಲಾಟ ಎಲ್ಲವೂ ಒಂದೇ ಸರಣಿಯೊಳಗೆ ನುಗ್ಗುತ್ತವೆ. ‘ಹೋಳಿಗೆ ಮನೆಮನೆಯಲ್ಲಿ ಮಾಡೋಣವೇ, ಹೊರಗೆ ಹೇಳೋಣವೇ?’ ಎಂದು ಒಬ್ಬರು ಕೇಳುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು, ಬೆಳಿಗ್ಗೆ ಬಂದ ಬಾಡಿಗೆಯ ಮೇಲ್‌ಗೆ ‘ಹಾಗೇ ಮಾಡಿ’ ಎಂದು ಉತ್ತರಿಸುತ್ತಾರೆ. ಜಿಮೇಲ್ ಹೊತ್ತಿನ ಲೆಕ್ಕ ಹಿಡಿದು ಈ ಉತ್ತರವನ್ನು ಹೋಳಿಗೆಯ ಪ್ರಶ್ನೆಯ ಕೆಳಗೆ ಕೂರಿಸುತ್ತದೆ. ಯಾವುದಕ್ಕೆ ಒಪ್ಪಿಗೆ ಸಿಕ್ಕಿತು? ಕವಲು ತೋರಿಸುವ ಥಂಡರ್‌ಬರ್ಡ್‌ನಲ್ಲಿ ಈ ಗೊಂದಲ ಹುಟ್ಟುತ್ತಿರಲಿಲ್ಲ. ಯಾರಾದರೂ ಜಾಣತನದಿಂದ ವಿಷಯದ ಸಾಲನ್ನು ‘ಯುಗಾದಿ: ಊಟ’ ಎಂದು ತಿದ್ದಿದರೆ ಸರಣಿ ಅಲ್ಲಿಗೆ ಕಡಿದು ಹೊಸದು ಹುಟ್ಟುತ್ತದೆ. ತಿದ್ದದೆ ಬಿಟ್ಟರೂ ನೂರು ಮೇಲ್ ದಾಟಿದೊಡನೆ ಜಿಮೇಲೇ ಅದನ್ನು ಕಡಿಯುತ್ತದೆ.

ಇದಕ್ಕಿಂತ ಆಳವಾದ ತೊಡಕು ಒಂದಿದೆ, ಅದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಒಂಬತ್ತು ಜನರ ಮುಂದೆ ಇರುವುದು ಒಂದೇ ಮಾತುಕತೆ ಎಂದು ನಾವು ನಂಬುತ್ತೇವೆ. ನಿಜಕ್ಕೂ ಒಬ್ಬೊಬ್ಬರ ಬಳಿ ಇರುವುದು ಅವರವರ ಪ್ರತಿ. ಒಬ್ಬರು ‘ರಿಪ್ಲೈ ಆಲ್’ ಒತ್ತದೆ ಬರೀ ‘ರಿಪ್ಲೈ’ ಒತ್ತಿದರೆ ಆ ಮಾತು ಇಬ್ಬರ ಪರದೆಯಲ್ಲಿ ಮಾತ್ರ ಸರಣಿಯ ಭಾಗವಾಗಿ ಕಾಣಿಸುತ್ತದೆ, ಉಳಿದ ಏಳು ಜನರಿಗೆ ಅಂಥದೊಂದು ಮಾತು ನಡೆದ ಸುಳಿವೇ ಇಲ್ಲ. ನಡುವೆ ಸೇರಿಸಿಕೊಂಡ ಹತ್ತನೆಯವರಿಗೆ ಹಿಂದಿನ ಮೇಲ್‌ಗಳು ಸಿಗುವುದಿಲ್ಲ. ಕೊನೆಯ ಮೇಲ್‌ನ ಬಾಲಕ್ಕೆ ಅಂಟಿಕೊಂಡು ಬಂದಷ್ಟೇ ಅವರ ಪಾಲು. ಪರದೆ ತೋರಿಸುವ ಅಚ್ಚುಕಟ್ಟು ಎಲ್ಲರಿಗೂ ಎಲ್ಲ ಗೊತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಸಮಿತಿಗಳಲ್ಲಿ ‘ನಾನು ಹೇಳಿದ್ದೆನಲ್ಲ’, ‘ನನಗೆ ಬಂದೇ ಇಲ್ಲ’ ಎಂಬ ಜಗಳಗಳಿಗೆ ಎಷ್ಟೋ ಸಲ ಮನುಷ್ಯರ ದುರುದ್ದೇಶಕ್ಕಿಂತ ಈ ಏರ್ಪಾಡೇ ಕಾರಣ.

ಇನ್ನು ಕೆಲಸದ ಕಡೆಗೆ ಬರೋಣ. ಸ್ಟೀವ್ ವಿಟ್ಟೇಕರ್ ಮತ್ತು ಕ್ಯಾಂಡೇಸ್ ಸಿಡ್ನರ್ 1996ರಲ್ಲೇ ತಮ್ಮ ಹೆಸರಾಂತ ಅಧ್ಯಯನವೊಂದರಲ್ಲಿ ಇದನ್ನು ಗುರುತಿಸಿದ್ದರು: ಸಂದೇಶ ಕಳಿಸಲೆಂದು ಹುಟ್ಟಿದ ಇಮೇಲನ್ನು ಜನ ಕೆಲಸದ ಪಟ್ಟಿಯಾಗಿ, ದಾಖಲೆಯ ಕಪಾಟಾಗಿ ಕೂಡ ಬಳಸುತ್ತಿದ್ದಾರೆ, ಇನ್‌ಬಾಕ್ಸ್ ಈ ಭಾರಕ್ಕೆ ಕುಸಿಯುತ್ತಿದೆ. ಮಾಡಬೇಕಾದ ಕೆಲಸ ಕಣ್ಣ ಮುಂದೆಯೇ ಇರಲೆಂದು ಮೇಲ್ ಅನ್ನು ಇನ್‌ಬಾಕ್ಸಿನಲ್ಲೇ ಬಿಡುವ ಅಭ್ಯಾಸ ಅಂದೂ ಇತ್ತು, ಇಂದೂ ಇದೆ. ಓದಿದ ಮೇಲ್ ಅನ್ನು ಮತ್ತೆ ‘ಓದಿಲ್ಲ’ ಎಂದು ದಪ್ಪಕ್ಷರಕ್ಕೆ ತಿರುಗಿಸುವವರು ಎಲ್ಲ ಕಚೇರಿಯಲ್ಲೂ ಸಿಗುತ್ತಾರೆ. ಜಿಮೇಲ್ ಈ ಅಭ್ಯಾಸವನ್ನು ಅರ್ಥಮಾಡಿಕೊಂಡು ಒಂದಾದ ಮೇಲೊಂದು ಸಲಕರಣೆ ಕೊಟ್ಟಿತು.

ಸ್ಟಾರ್ ಹಳೆಯದು, ಸರಳವಾದದ್ದು. ಆದರೆ ಏಕೆ ಹಾಕಿದೆವೆಂದು ಅದು ಹೇಳುವುದಿಲ್ಲ. ಪಟ್ಟಿಯಲ್ಲಿ ನಿಂತು ಒತ್ತಿದರೆ ಸ್ಟಾರ್ ಸರಣಿಯ ಕೊನೆಯ ಮೇಲ್‌ಗೆ ಬೀಳುತ್ತದೆ, ಕೆಲಸ ಇರುವುದು ಮೂರನೆಯ ಮೇಲ್‌ನಲ್ಲಾದರೂ. ಸ್ನೂಜ್ ಇದಕ್ಕಿಂತ ಮೇಲು. ಸೋಮವಾರ ನೋಡಬೇಕಾದ್ದನ್ನು ಸೋಮವಾರಕ್ಕೆ ತಳ್ಳಿದರೆ ಅದು ಇನ್‌ಬಾಕ್ಸಿನಿಂದ ಮರೆಯಾಗಿ, ಹೇಳಿದ ಹೊತ್ತಿಗೆ ಮೇಲೆದ್ದು ಬರುತ್ತದೆ. ದಿನಾಂಕವಿರುವ ಕೆಲಸಕ್ಕೆ, ಒಬ್ಬರೇ ಮಾಡುವ ಕೆಲಸಕ್ಕೆ ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮ್ಯೂಟ್ ಕೂಡ ಹೆಚ್ಚು ಜನ ಬಳಸಬೇಕಾದ ಸೌಲಭ್ಯ: ನಮಗೆ ಸಂಬಂಧವಿಲ್ಲದ ಸರಣಿ ಎಷ್ಟೇ ಬೆಳೆದರೂ ಇನ್‌ಬಾಕ್ಸಿಗೆ ಬಂದು ಬಾಗಿಲು ತಟ್ಟುವುದಿಲ್ಲ.

ಟಾಸ್ಕ್ಸ್ ವಿಷಯದಲ್ಲಿ ಇದೇ ಮೆಚ್ಚುಗೆ ಸಾಧ್ಯವಿಲ್ಲ. 2008ರ ಕೊನೆಗೆ ಜಿಮೇಲ್ ಲ್ಯಾಬ್ಸ್‌ನಲ್ಲಿ ಪ್ರಯೋಗವಾಗಿ ಬಂದ ಇದು, 2018ರ ಹೊಸ ವಿನ್ಯಾಸದೊಡನೆ ಪರದೆಯ ಬಲಬದಿಯ ಪಟ್ಟಿಯಲ್ಲಿ ಕಾಯಂ ಜಾಗ ಪಡೆಯಿತು. ಒಂದು ಮೇಲ್ ಅನ್ನು ಕೆಲಸವಾಗಿ ಸೇರಿಸಿದರೆ ಕೆಳಗೆ ಆ ಮೇಲ್‌ಗೆ ಕೊಂಡಿ ಉಳಿಯುತ್ತದೆ; ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಕೆಲಸದ ಹೆಸರಾಗಿ ಕೂರುವುದು ವಿಷಯದ ಸಾಲು. ನಮ್ಮ ಕೂಟದ ಖಜಾಂಚಿ ‘ಸಭಾಂಗಣಕ್ಕೆ ಮುಂಗಡ ಕಟ್ಟಬೇಕು’ ಎಂದು ನೆನಪಿಡಬೇಕಾದಲ್ಲಿ ಪಟ್ಟಿ ‘ಯುಗಾದಿ’ ಎನ್ನುತ್ತದೆ. ಕೈಯಾರೆ ತಿದ್ದದಿದ್ದರೆ ಅದು ಕೆಲಸವೇ ಆಗುವುದಿಲ್ಲ. ಕೆಲಸ ಮುಗಿಯಿತೆಂದು ಗುರುತು ಹಾಕಿದರೆ ಮೇಲ್‌ಗೆ ಅದರ ಅರಿವಿಲ್ಲ. ಮೇಲ್ ಅನ್ನು ಆರ್ಕೈವ್ ಮಾಡಿದರೆ ಪಟ್ಟಿಗೆ ಅದರ ಅರಿವಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಈ ಪಟ್ಟಿ ನಮ್ಮೊಬ್ಬರದೇ. ಇನ್ನೊಬ್ಬರೊಡನೆ ಹಂಚಿಕೊಳ್ಳಲು ಬರುವುದಿಲ್ಲ. ಖಜಾಂಚಿ ಮುಂಗಡದ ಹೊಣೆ ತಮ್ಮದೆಂದು ಬರೆದುಕೊಂಡದ್ದು ಉಳಿದ ಎಂಟು ಜನರಿಗೆ ಕಾಣುವುದಿಲ್ಲ. ಹಾಗಾಗಿ ಅವರಲ್ಲೊಬ್ಬರು ‘ಮುಂಗಡ ಏನಾಯ್ತು?’ ಎಂದು ಎಲ್ಲರಿಗೂ ಮೇಲ್ ಹಾಕುತ್ತಾರೆ, ಇನ್ನಿಬ್ಬರು ‘ನನಗೂ ತಿಳಿಯಬೇಕು’ ಎನ್ನುತ್ತಾರೆ. ಸರಣಿ ಬೆಳೆಯುವುದು ಹೀಗೆ. ನಮ್ಮ ಇನ್‌ಬಾಕ್ಸ್ ತುಂಬಿಸುವ ಮೇಲ್‌ಗಳಲ್ಲಿ ದೊಡ್ಡ ಪಾಲು ಹೊಸ ಸಂಗತಿ ತಿಳಿಸುವುದಿಲ್ಲ, ಕೆಲಸ ಯಾರ ಕೈಯಲ್ಲಿದೆ ಎಂದು ವಿಚಾರಿಸುತ್ತದೆ.

ನಮ್ಮ ಸರ್ಕಾರಿ ಕಚೇರಿಯ ಕಡತವನ್ನು ಇಲ್ಲಿ ನೆನೆಯಲೇಬೇಕು. ತಡಕ್ಕೆ, ಕೆಂಪುಪಟ್ಟಿಗೆ ಅದು ಹೆಸರಾಗಿರಬಹುದು. ಅದರ ಒಳಗಿನ ರಚನೆ ಮಾತ್ರ ಬಹಳ ಯೋಚಿಸಿ ಕಟ್ಟಿದ್ದು. ಕಡತಕ್ಕೆ ಎರಡು ಭಾಗ. ಹೊರಗಿನಿಂದ ಬಂದ, ಹೊರಕ್ಕೆ ಹೋದ ಕಾಗದಗಳೆಲ್ಲ ಪತ್ರ ವ್ಯವಹಾರದ ಭಾಗದಲ್ಲಿ. ಅವುಗಳ ಬಗ್ಗೆ ಕಚೇರಿ ಏನು ಯೋಚಿಸಿತು, ಯಾರು ಏನು ಸೂಚಿಸಿದರು, ಯಾರು ಒಪ್ಪಿದರು ಎಂಬುದು ಟಿಪ್ಪಣಿ ಹಾಳೆಯಲ್ಲಿ, ಕಂಡಿಕೆಗೆ ಸಂಖ್ಯೆ ಹಾಕಿ, ಕೆಳಗೆ ಸಹಿ ಮಾಡಿ. ವಿಷಯ ನಿರ್ವಾಹಕರು ಬರೆದ ಟಿಪ್ಪಣಿಯ ಕೆಳಗೇ ಶಾಖಾಧಿಕಾರಿ, ಅವರ ಕೆಳಗೆ ಅಧೀನ ಕಾರ್ಯದರ್ಶಿ. ಕಡತ ಒಂದು ಹೊತ್ತಿಗೆ ಒಬ್ಬರ ಮೇಜಿನ ಮೇಲೆ ಮಾತ್ರ ಇರಲು ಸಾಧ್ಯ, ಅದು ಯಾರ ಮೇಜು ಎಂದು ಚಲನವಲನದ ದಾಖಲೆ ಹೇಳುತ್ತದೆ. ಕಾಗದದಿಂದ ಇ-ಆಫೀಸಿಗೆ ಬಂದಾಗಲೂ ಟಿಪ್ಪಣಿ ಮತ್ತು ಪತ್ರ ವ್ಯವಹಾರದ ಈ ವಿಂಗಡಣೆ ಹಾಗೆಯೇ ಬಂತು. ಜಿಮೇಲಿನ ಮಾತುಕತೆ ಬರೀ ಪತ್ರ ವ್ಯವಹಾರದ ಭಾಗ. ಟಿಪ್ಪಣಿ ಹಾಳೆಯೇ ಇಲ್ಲದ ಕಡತ ಅದು. ತೀರ್ಮಾನ ಬೇಕಾದವರು ನೂರು ಕಾಗದ ತಿರುವಿಹಾಕಬೇಕು, ಹೊಣೆ ಯಾರದೆಂದು ತಿಳಿಯಬೇಕಾದವರು ನೂರ ಒಂದನೆಯದನ್ನು ಬರೆಯಬೇಕು.

ಈ ದಿಕ್ಕಿನಲ್ಲಿ ಗೂಗಲ್ ಒಮ್ಮೆ ಹತ್ತಿರ ಬಂದಿತ್ತು. 2014ರ ಅಕ್ಟೋಬರಿನಲ್ಲಿ ಬಂದ ‘ಇನ್‌ಬಾಕ್ಸ್ ಬೈ ಜಿಮೇಲ್’ ಮೇಲ್ ಮತ್ತು ಕೆಲಸ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿತು. ನಾವೇ ಬರೆದುಕೊಂಡ ಜ್ಞಾಪನೆ ಮೇಲ್‌ಗಳ ಪಕ್ಕದಲ್ಲೇ, ಅವುಗಳ ಸಮಕ್ಕೆ ನಿಲ್ಲುತ್ತಿತ್ತು. ಆರ್ಕೈವ್ ಗುಂಡಿ ಇದ್ದ ಜಾಗದಲ್ಲಿ ‘ಮುಗಿಯಿತು’ ಎಂಬ ಸರಿ-ಗುರುತು. ಅದೂ ಒಬ್ಬರದೇ ಪಟ್ಟಿ, ಗುಂಪಿನ ಪ್ರಶ್ನೆಗೆ ಅದರಲ್ಲೂ ಉತ್ತರವಿರಲಿಲ್ಲ. ಆದರೂ ಬಂದ ಮೇಲ್ ಅಂದರೆ ಮುಗಿಸಬೇಕಾದ ಒಂದು ಕೆಲಸ ಎಂದು ಅದು ಒಪ್ಪಿಕೊಂಡಿತ್ತು. 2019ರ ಏಪ್ರಿಲಿನಲ್ಲಿ ಅದನ್ನು ಮುಚ್ಚಿದರು. ಸ್ನೂಜ್ ಅಲ್ಲಿಂದ ಜಿಮೇಲಿಗೆ ಬಂತು, ಆ ಒಪ್ಪಿಗೆ ಬರಲಿಲ್ಲ. ಅದನ್ನು ಕಳೆದುಕೊಂಡದ್ದು ನಷ್ಟವೆಂದೇ ನಾನು ಈಗಲೂ ಭಾವಿಸುತ್ತೇನೆ.

ಅದರ ಬದಲು ಬಂದದ್ದು ಚಾಟ್ ಮತ್ತು ಸ್ಪೇಸ್. 2020ರಿಂದ ಮುಂದೆ ಜಿಮೇಲಿನ ಎಡಬದಿಯಲ್ಲೇ ಗುಂಪು ಹರಟೆಯ ಕೋಣೆಗಳು ತೆರೆದವು. ಅಲ್ಲಿ ಒಬ್ಬರಿಗೆ ಕೆಲಸ ವಹಿಸಬಹುದು, ದಿನಾಂಕ ಹಾಕಬಹುದು, ಕೋಣೆಯಲ್ಲಿರುವ ಎಲ್ಲರೂ ಅದನ್ನು ನೋಡಬಹುದು. ಅಂದರೆ ಹಂಚಿದ ಕೆಲಸದ ಪಟ್ಟಿ ಬೇಕೆಂಬುದು ಗೂಗಲ್‌ಗೆ ಚೆನ್ನಾಗಿ ಗೊತ್ತು, ಮಾಡುವುದೂ ಗೊತ್ತು. ಕೊಟ್ಟದ್ದು ಮಾತ್ರ ಮೇಲ್‌ನ ಹೊರಗೆ. ಈಗ ಬಾಡಿಗೆಯ ರಸೀದಿ ಮೇಲ್‌ನಲ್ಲಿ, ಅದರ ಚರ್ಚೆ ಸ್ಪೇಸಿನಲ್ಲಿ, ಹೊಣೆ ಇನ್ನೊಂದು ಪಟ್ಟಿಯಲ್ಲಿ. ಸಭಾಂಗಣದ ಮಾಲೀಕರಂಥ ಹೊರಗಿನವರು ಬರೆಯುವುದು ಮೇಲ್‌ಗೇ ಆದ್ದರಿಂದ ಮೇಲ್ ಬಿಡುವಂತೆಯೂ ಇಲ್ಲ. ಮೈಕ್ರೋಸಾಫ್ಟ್ ಕತೆ ತುಸು ಭಿನ್ನ. 2015ರಲ್ಲಿ ಕೆಲಸದ ಪಟ್ಟಿಯ ಜನಪ್ರಿಯ ತಂತ್ರಾಂಶ ವುಂಡರ್‌ಲಿಸ್ಟನ್ನು ಕೊಂಡು 2020ರಲ್ಲಿ ಮುಚ್ಚಿ, ಅದರ ಜಾಗಕ್ಕೆ ಟು ಡೂ ತಂದರು. ಔಟ್‌ಲುಕ್‌ನಲ್ಲಿ ಬಾವುಟ ನೆಟ್ಟ ಮೇಲ್ ತಾನಾಗಿ ಅಲ್ಲಿ ಕೆಲಸವಾಗಿ ಕಾಣಿಸುತ್ತದೆ. ಜಿಮೇಲಿಗಿಂತ ಒಂದು ಹೆಜ್ಜೆ ಮುಂದೆ, ಆದರೆ ಬಾವುಟ ನೆಟ್ಟವರಿಗಷ್ಟೇ ಅದರ ಪ್ರಯೋಜನ.

ಗುಂಪಿನ ಮೇಲ್ ಕೈಮೀರಿದರೆ ಏನಾಗುತ್ತದೆಂದು 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕಂಡಿತು. ಪರೀಕ್ಷೆಗೆಂದು ಕಳಿಸಿದ ಒಂದು ಮೇಲ್ ಸುಮಾರು 8.4 ಲಕ್ಷ ನೌಕರರಿಗೆ ಹೋಯಿತು. ‘ನನ್ನನ್ನು ಪಟ್ಟಿಯಿಂದ ತೆಗೆಯಿರಿ’ ಎಂದು ಅನೇಕರು ಎಲ್ಲರಿಗೂ ಉತ್ತರಿಸಿದರು, ಇಡೀ ವ್ಯವಸ್ಥೆ ತೆವಳತೊಡಗಿತು. ಮೈಕ್ರೋಸಾಫ್ಟ್ 2020ರಲ್ಲಿ ಇಂಥ ಪ್ರವಾಹಕ್ಕೆ ತಡೆಯೊಡ್ಡುವ ಏರ್ಪಾಡು ತಂದಿತು: ಐದು ಸಾವಿರಕ್ಕೂ ಹೆಚ್ಚು ಜನರಿಗೆ ಒಂದು ಗಂಟೆಯೊಳಗೆ ಹತ್ತು ‘ರಿಪ್ಲೈ ಆಲ್’ ಹೋದರೆ ಮುಂದಿನ ನಾಲ್ಕು ಗಂಟೆ ಆ ಸರಣಿಗೆ ಉತ್ತರ ಬಂದ್. ಒಂಬತ್ತು ಜನರ ಸಮಿತಿಗೆ ಇದರಿಂದ ಉಪಯೋಗವಿಲ್ಲ.

ಈಗಿರುವ ಜಿಮೇಲಿನೊಳಗೇ ಮರ್ಯಾದೆಯಿಂದ ಕೆಲಸ ಸಾಗಿಸುವ ಗುಂಪುಗಳೂ ಇವೆ. ಅವರು ಒಂದು ಕೆಲಸಕ್ಕೆ ಒಂದೇ ಸರಣಿ ತೆರೆಯುತ್ತಾರೆ, ‘ಯುಗಾದಿ: ಸಭಾಂಗಣದ ಮುಂಗಡ’ ಎಂಬಂಥ ವಿಷಯದ ಸಾಲಿನೊಂದಿಗೆ. ಹೊಣೆ ಹೊತ್ತವರನ್ನು ಮಾತ್ರ ‘ಟು’ ಸಾಲಿನಲ್ಲಿಟ್ಟು ಉಳಿದವರನ್ನು ‘ಸಿಸಿ’ಗೆ ಹಾಕುತ್ತಾರೆ. ತೀರ್ಮಾನವಾದ ದಿನ ಒಬ್ಬರು ಅದನ್ನು ಎರಡು ಸಾಲಿನಲ್ಲಿ ಬರೆದು ಸರಣಿ ಮುಗಿಸುತ್ತಾರೆ. ಟಿಪ್ಪಣಿ ಹಾಳೆಯ ಕೆಲಸವನ್ನು ಶಿಸ್ತಿನಿಂದ ತಾವೇ ಮಾಡುತ್ತಾರೆ. ಇದು ಅಭಿನಂದನೀಯ, ಆದರೆ ಇಷ್ಟು ಶಿಸ್ತನ್ನು ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರಿಂದ ಬೇಡುವುದು ನ್ಯಾಯವಲ್ಲ. ತಂತ್ರಾಂಶ ಹೊರಬೇಕಾದ ಹೊರೆಯನ್ನು ಜನರ ತಲೆಗೆ ಹೊರಿಸಿದಂತೆ.

ಬೇರೆ ಬೇರೆ ಕಂಪನಿಗಳ ಮೇಲ್‌ಗಳ ನಡುವೆ ಕೆಲಸದ ಹೊಣೆಯನ್ನು ಎಲ್ಲರಿಗೂ ತೋರಿಸುವ ಏರ್ಪಾಡು ಆಗದೆಂದು ಹೇಳುವವರಿಗೆ ಸಭೆಯ ಆಹ್ವಾನವನ್ನು ತೋರಿಸಬೇಕು. ಔಟ್‌ಲುಕ್‌ನಿಂದ ಕಳಿಸಿದ ಆಹ್ವಾನ ಜಿಮೇಲಿನಲ್ಲಿ ತೆರೆದುಕೊಳ್ಳುತ್ತದೆ, ಬರುತ್ತೇನೆ, ಬರುವುದಿಲ್ಲ, ಬರಬಹುದು ಎಂಬ ಗುಂಡಿಗಳು ಮೂಡುತ್ತವೆ, ನಮ್ಮ ಉತ್ತರ ಅವರ ಕ್ಯಾಲೆಂಡರಿಗೆ ತಲುಪುತ್ತದೆ. ಇದರ ಹಿಂದಿರುವುದು 1998ರಲ್ಲಿ ಪ್ರಕಟವಾದ ಐಕ್ಯಾಲೆಂಡರ್ ಮಾನದಂಡ. ಅದೇ ಮಾನದಂಡದಲ್ಲಿ ಸಭೆಯ ಪಕ್ಕದಲ್ಲೇ ಕೆಲಸಕ್ಕೂ ಒಂದು ರೂಪ ಇದೆ, ‘ವಿ-ಟುಡು’ ಎಂಬ ಹೆಸರಿನಲ್ಲಿ. ಯಾರಿಗೆ, ಯಾವಾಗಿನೊಳಗೆ, ಎಷ್ಟು ಮುಗಿದಿದೆ ಎಂದು ಬರೆಯಲು ಅದರಲ್ಲಿ ಜಾಗವಿದೆ. ಕೆಲಸವನ್ನು ಮೇಲ್ ಮೂಲಕ ಕಳಿಸಿ, ಒಪ್ಪಿಗೆಯೋ ನಿರಾಕರಣೆಯೋ ವಾಪಸು ಪಡೆಯುವ ವಿಧಾನವೂ ಅದರ ಜೊತೆಜೊತೆಗೇ ಬರೆದಿಟ್ಟದ್ದು. ಸಭೆಗೆ ಸಿಕ್ಕ ಆ ಗುಂಡಿಗಳು ಕೆಲಸಕ್ಕೆ ಜಿಮೇಲಿನಲ್ಲಿ ಸಿಗಲಿಲ್ಲ. ‘ಈ ಕೆಲಸ ನನ್ನದು’ ಎಂಬ ಒಂದು ಗುಂಡಿ, ಒತ್ತಿದವರ ಹೆಸರು ಮತ್ತು ತಾರೀಖು ಸರಣಿಯ ತಲೆಯ ಮೇಲೆ ಒಂಬತ್ತೂ ಜನರಿಗೆ ಕಾಣುವಂತೆ: ಗೂಗಲ್ ಮೊದಲು ಕೊಡಬೇಕಾದದ್ದು ಇದನ್ನು.